ಗೋಡೆಗೆ ಅಂಟಿಸಿದ ಸಾವು

ರೋಮಿನ ಸಿನಿಮಾದವರು ನಮ್ಮೂರ ಸ್ಮಶಾನದಲ್ಲಿ ದೆವ್ವದ ಚಿತ್ರ ತೆಗೆಯಲು ಬಂದಾಗ ಶವಪೆಟ್ಟಿಗೆ ಮಾಡಿಕೊಟ್ಟವನು ಬಡಗಿ ಎವಾರಿಸ್ತೊ. ಅಳತೆ ನೋಡಲು ಒಳಗೆ ಮಲಗಿದ್ದವನನ್ನು ಕಂಡು ಡೈರೆಕ್ಟರು ಅವನಿಗೇ ಹೆಣದ ಪಾತ್ರ ಕೊಟ್ಟರು. ಆದರೆ ಪರದೆಯ ಮೇಲೆ ಹೆಸರು ಹಾಕುವುದಿಲ್ಲ ಎಂದರು. ಇವನಿಗೆ ಮೈಯೆಲ್ಲ ಉರಿದುಹೋಯಿತು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಕಾಗದದಲ್ಲಿ ಹೆಸರು ಅಚ್ಚು ಹಾಕಿಸಿ ಊರಿನ ಗೋಡೆಗಳಿಗೆ ಅಂಟಿಸುತ್ತಾರೆ. ಚಿತ್ರಕ್ಕೂ ಅಂಥದ್ದು ಬೇಕಿತ್ತು.

“ನನ್ನ ಹೆಸರೇ ಹಾಕಿ ಸ್ವಾಮಿ. ಹಂಗಾದ್ರೂ ಪರದೆ ಮೇಲೆ ಬರ್ಲಿ,” ಎಂದ ಎವಾರಿಸ್ತೊ.

“ಬದುಕಿರೋವಾಗ್ಲೇನೋ? ಅಪಶಕುನ ಕಳೀಲಿ, ಮೊದ್ಲು ಕಬ್ಬಿಣ ಮುಟ್ಟೋ, ಮುಂಡೇದೆ!” ಎಂದು ನನ್ನ ಕಾಫಿ ಅಂಗಡಿಯಿಂದಲೇ ಕೂಗಿದೆ. ಮುಟ್ಟಲಿಲ್ಲ, ಹಟಮಾರಿ.

ಅವನ ಹೆಸರಿನ ಕಾಗದ ನನ್ನ ಅಂಗಡಿಯ ಗೋಡೆಗೂ ಬಿತ್ತು. ಅದನ್ನು ಓದಿದ ಬಸ್ ಡ್ರೈವರು ಸುದ್ದಿಯನ್ನು ಕಣಿವೆಯಾಚೆಯ ಊರಿಗೆ ಹೊತ್ತೊಯ್ದ. ಅಲ್ಲಿದ್ದಳು ಎವಾರಿಸ್ತೊನ ಅಕ್ಕ ಜೆಲಿಂದಾ. ಅವ್ವ ಜೋಳದ ಹಿಟ್ಟಿನ ಪೊಲೆಂತಾ ಗಂಜಿ ತೊಳಸುತ್ತಿದ್ದ ತಾಮ್ರದ ತಪ್ಪಲೆ ಯಾರಿಗೆ ಸೇರಬೇಕೆಂದು ಜಗಳವಾಗಿ, ಅವಳು ಅದನ್ನು ಎತ್ತಿಕೊಂಡು ಹೋದಂದಿನಿಂದ ಇಬ್ಬರಿಗೂ ಮಾತಿಲ್ಲ. ಅಕ್ಕನ ಸುದ್ದಿ ಎತ್ತಿದರೆ ಇವನು ಸಿಡುಕುತ್ತಿದ್ದ. ಆದರೆ ಆ ಕಡೆಯಿಂದ ಬಸ್ಸು ಬಂದಾಗಲೆಲ್ಲ ಕತ್ತೆತ್ತಿ ನೋಡುತ್ತಿದ್ದುದನ್ನು ನಾನು ಬಲ್ಲೆ.

ಮಧ್ಯಾಹ್ನದ ಬಸ್ಸಿನಿಂದ ಜೆಲಿಂದಾ ಕಪ್ಪುಡುಗೆ ತೊಟ್ಟು, ತಪ್ಪಲೆ ಅವುಚಿಕೊಂಡು ಇಳಿದಳು. ಅದನ್ನು ತಮ್ಮನ ಜೊತೆ ಮಣ್ಣಿಗೆ ಹಾಕಲು ತಂದಿದ್ದಳಂತೆ. ನೇರ ಸ್ಮಶಾನಕ್ಕೆ ನಡೆದಳು.

“ನಿಂತ್ಕೋ ಜೆಲಿಂದಾ, ಅದು ಸಿನಿಮಾ!” ಎಂದು ಏದುಸಿರು ಬಿಡುತ್ತಾ ಹಿಂದೆ ಓಡಿದೆ. ಅವಳಿಗೆ ಕೇಳಿಸಲಿಲ್ಲ.

ಅದೇ ಹೊತ್ತಿಗೆ, ಮುಖಕ್ಕೆ ಹಿಟ್ಟು ಬಳಿದುಕೊಂಡಿದ್ದ ಎವಾರಿಸ್ತೊ ಪೆಟ್ಟಿಗೆಯಲ್ಲಿ ಎದ್ದು ಕೂತ.

“ವಾರೀ!” ಎಂದು ಚೀರಿದಳು ಜೆಲಿಂದಾ. ಚಿಕ್ಕಂದಿನಲ್ಲಿ ಅವಳೊಬ್ಬಳೇ ಕರೆಯುತ್ತಿದ್ದ ಹೆಸರು. ಮರುಕ್ಷಣವೇ ತಪ್ಪಲೆಯಿಂದ ಅವನ ತಲೆಗೆ ಬಿಟ್ಟಳು. “ಸತ್ತಿಲ್ವೇನೋ? ದಾರಿಯುದ್ದಕ್ಕೂ ಅತ್ಕೊಂಡು ಬಂದೆನಲ್ಲೋ, ಪಾಪಿ!”

ಕ್ಯಾಮೆರಾ ಓಡುತ್ತಲೇ ಇತ್ತು. ಡೈರೆಕ್ಟರು ಕುಣಿದಾಡಿಬಿಟ್ಟರು.

“ಇನ್ನೊಂದ್ಸಲ ಕರಿಯಕ್ಕಾ,” ಎಂದ ಎವಾರಿಸ್ತೊ, ಬುಗುಟೆ ಸವರಿಕೊಳ್ಳುತ್ತಾ.

“ಹೋಗಲೋ!” ಎಂದು ಮುಖ ತಿರುಗಿಸಿ ಬಸ್ಸು ಹತ್ತಿದಳು. ತಪ್ಪಲೆಯನ್ನು ಮಾತ್ರ ಪೆಟ್ಟಿಗೆಯಲ್ಲೇ ಬಿಟ್ಟಿದ್ದಳು.

ಚಿತ್ರ ಪೇಟೆಯ ಟಾಕೀಸಿಗೆ ಬಂತು, ಯಾರ ಕಣ್ಣಿಗೂ ಬೀಳದೆ ಹೋಗುವುದರಲ್ಲಿತ್ತು. ನಾನೇ ಇಬ್ಬರಿಗೂ ಹೇಳಿಕಳಿಸಿ, ಅಕ್ಕಪಕ್ಕ ಕೂರಿಸಿದೆ. ಗೋಡೆಯ ಕಾಗದ ತೋರಿಸುವ ದೃಶ್ಯ ಕತ್ತರಿಗೆ ಸಿಕ್ಕು ಮಾಯವಾಗಿತ್ತು. ಎವಾರಿಸ್ತೊ ಅದನ್ನು ಗಮನಿಸಲೂ ಇಲ್ಲ. ಅವನು ಕಾಯುತ್ತಿದ್ದುದು ಬೇರೆಯದಕ್ಕೆ.

ಪರದೆಯ ಮೇಲೆ ಜೆಲಿಂದಾ ಬಾಯಿ ತೆರೆದಳು. ಆದರೆ ದನಿ ರೋಮಿನ ಯಾವಳೋ ನಾಜೂಕಿನವಳದ್ದು. “ಅಯ್ಯೋ, ಪ್ರೇತ!”

ಎವಾರಿಸ್ತೊ ಎದ್ದು ನಿಂತ. “ಸುಳ್ಳು! ಅವ್ಳು ಹಂಗನ್ಲಿಲ್ಲ! ನನ್ ಹೆಸರು ಕೂಗಿದ್ಳು! ನಾನು ಕೇಳಿಸ್ಕೊಂಡಿದೀನಿ!” ಹಿಂದೆ ಯಾರೋ ನಕ್ಕರು. ನನಗೆ ನಗು ಬರಲಿಲ್ಲ.

ಜೆಲಿಂದಾ ಅವನ ಕೋಟಿನ ತುದಿ ಹಿಡಿದು ಜಗ್ಗಿದಳು.

“ಕೂತ್ಕೊಳ್ಳೋ, ವಾರೀ.”

ಅವನು ಕೂತ.