ಐದು ಕಪ್ಪೆಗಳ ಸೀಸೆಯಲ್ಲಿ ಆರನೆಯದು

೧

ಚಳಿ ಇನ್ನೂ ಪೂರ್ತಿ ಬಿಡದ ಮಾರ್ಚ್ ತಿಂಗಳು, ಮಂಗಳವಾರ, ಬೆಳಗಿನ ಏಳೂವರೆ. ಇಲ್ಲಿಂದ ಶುರು ಮಾಡಲೇ? ಅಥವಾ ಆರು ವರ್ಷದ ಹಿಂದೆ ಗಾಜು ಬಿರಿದ ಗಳಿಗೆಯಿಂದಲೇ? ಅಥವಾ ತೊಂಬತ್ತು ವರ್ಷದ ಹಿಂದೆ, ದಕ್ಷಿಣ ಅಮೆರಿಕದ ಯಾವುದೋ ಹಳ್ಳದ ದಂಡೆಯಲ್ಲಿ ಒಬ್ಬ ಬಿಳಿಯ ದೊರೆ ಕಪ್ಪೆ ಹಿಡಿದ ದಿನದಿಂದ? ಆ ಹಳ್ಳವನ್ನು ನಾನು ನೋಡಿಲ್ಲ. ನೋಡಿದವನಂತೆ ಎರಡು ಪುಟ ಬರೆದೆ, ಬಣ್ಣಬಣ್ಣದ ಹಕ್ಕಿ ಹಾರಿಸಿದೆ, ಆಮೇಲೆ ನಾಚಿಕೆಯಾಗಿ ಹರಿದು ಹಾಕಿದೆ. ಓದುವವರೇ, ಗೊತ್ತಿರುವಷ್ಟನ್ನೇ ಹೇಳುತ್ತೇನೆ.

೨

ಕಾಶವ್ವ ವಿಜಯಪುರದ ಕಡೆಯವಳು, ಈಗ ಲಂಡನ್ನಿನ ಕೆಂಟನ್‌ನಲ್ಲಿ ಮನೆ. ಇಪ್ಪತ್ತೊಂದು ವರ್ಷದಿಂದ ಅಲ್ಲಿನ ಒಂದು ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಕಸ ಹೊಡೆದು ನೆಲ ಒರೆಸುತ್ತಾಳೆ. (ಯಾವ ಮ್ಯೂಸಿಯಮ್ ಎಂದು ಕೇಳಬೇಡಿ.) ಜನ ನೋಡಲು ಬರುವ ಭಾಗವಲ್ಲ ಅದು. ಸ್ಪಿರಿಟ್ ತುಂಬಿದ ಸೀಸೆಗಳಲ್ಲಿ ಹಾವು, ಹಲ್ಲಿ, ಕಪ್ಪೆಗಳನ್ನು ಇಟ್ಟಿರುವ ತಣ್ಣನೆಯ ಕೋಣೆಗಳು. ಪ್ರತಿ ಸೀಸೆಯೊಳಗೂ ಒಂದು ಚೀಟಿ: ಯಾವ ಜೀವಿ, ಯಾವ ಜಾಗ, ಎಷ್ಟು. ಚೀಟಿ ತಪ್ಪಿತೋ, ಕಪ್ಪೆ ಎಲ್ಲಿಯದೂ ಅಲ್ಲ.

ಬೃಂದಾ ಅಲ್ಲಿ ಸಂಶೋಧನೆ ಮಾಡುವ ಹುಡುಗಿ, ಬೆಂಗಳೂರಿನವಳು. ಆಂಡಿಸ್ ಪರ್ವತ ಎದ್ದು ನಡುವೆ ನಿಂತ ಮೇಲೆ ಅದರ ಪೂರ್ವದ ಕಪ್ಪೆಗಳೂ ಪಶ್ಚಿಮದ ಕಪ್ಪೆಗಳೂ ಹೇಗೆ ಬೇರೆ ಬೇರೆ ಪ್ರಭೇದಗಳಾದವು ಎಂಬುದು ಅವಳ ವಿಷಯ. ನಾಲ್ಕು ವರ್ಷ ಹಿಡಿಯಿತು.

"ಪೇಪರ್ ಮುಗೀತು ಆಂಟಿ," ಎಂದಳು ಆ ಮಂಗಳವಾರ. "ಶುಕ್ರವಾರ ಜರ್ನಲ್‌ಗೆ ಕಳಿಸ್ತೀನಿ. ಇದು ಆದ್ರೆ ಕೆಲ್ಸ, ಕೆಲ್ಸ ಆದ್ರೆ ವೀಸಾ."

"ಅಂಥಾದ್ದೇನ್ ಸಿಕ್ಕದವಾ?"

"ಪಶ್ಚಿಮದ ಸೀಸೆಲಿ ಒಂದು ಪೂರ್ವದ ಕಪ್ಪೆ. ಅಂದ್ರೆ ಅದು ಬೆಟ್ಟ ದಾಟಿದೆ. ಎಲುಬು ನೋಡ್ದೆ, ಡಿಎನ್‌ಎ ನೋಡ್ದೆ. ಚೀಟಿಲಿ ಐದು ಅಂತಿದೆ, ಒಳಗೆ ಆರಿದೆ. ಹಿಡಿದೋನಿಗೆ ಎಣಿಸೋಕೆ ಬಂದಿಲ್ಲ ಅಷ್ಟೆ."

"ಯಾ ಸೀಸೆ?"

ಬೃಂದಾ ಮೂರನೆಯ ಸಾಲಿನ ಕೆಳಗಿನ ಹಲಗೆ ತೋರಿಸಿದಳು. ಕಾಶವ್ವ ಮಾಪನ್ನು ಗೋಡೆಗೆ ಆನಿಸಿದಳು.

೪

(ಮೂರನೆಯದನ್ನು ತೆಗೆದೆ. ಅದರಲ್ಲಿ ಕಾಶವ್ವ ಗೋಳೋ ಎಂದು ಅತ್ತಿದ್ದಳು. "ನಾ ಯಾವಾಗ ಅತ್ತೀನ್ರಿ? ನಿಮಗ ಅಳು ಬಂದ್ರ ನೀವು ಅಳ್ರಿ," ಎಂದಳು.)

ಸೀಸೆ ಮುಟ್ಟಬಾರದೆಂದು ಕೆಲಸದವರಿಗೆಲ್ಲ ತಾಕೀತು ಇತ್ತು. ಆರು ವರ್ಷದ ಹಿಂದೆ ಅದೇ ಹಲಗೆಯ ಮೇಲೆ ಧೂಳು ಕಂಡು ಕಾಶವ್ವ ಒಂದನ್ನು ಎತ್ತಿದಳು. ತಳ ಹಲಗೆಯ ಅಂಚಿಗೆ ತಗುಲಿ ಗಾಜು ಬಿರಿಯಿತು. ಒಳಗೆ ಒಂದೇ ಕಪ್ಪೆ. ಸ್ಪಿರಿಟ್ ಸೋರುತ್ತಿತ್ತು. ಪಕ್ಕದ ಸೀಸೆಯಲ್ಲಿ ಅದೇ ಬಣ್ಣದ, ಅದೇ ಅಳತೆಯ ಐದು. ಮುಚ್ಚಳ ತಿರುಗಿಸಿ ಇದನ್ನೂ ಅದರೊಳಗೆ ಬಿಟ್ಟಳು. ಚೀಟಿ ಗಾಜಿನ ಚೂರಿನ ಜೊತೆ ಕಸಕ್ಕೆ ಹೋಯಿತು. ಕೆಲಸ ಕಳೆದೀತೆಂದು ಬಾಯಿ ಬಿಡಲಿಲ್ಲ. ಕಾಣೆಯಾದ ಸೀಸೆಗಳ ಪಟ್ಟಿಗೆ ಒಂದು ಸಂಖ್ಯೆ ಸೇರಿತು. ಆ ಪಟ್ಟಿಯೇ ಮುನ್ನೂರರಷ್ಟಿತ್ತು, ಯಾರೂ ಹುಡುಕಲಿಲ್ಲ.

"ಅದರೊಳಗೇ ಯಾಕೆ ಬಿಟ್ಟೆ?" ಎಂದು ಕೇಳಿದೆ.

"ಒಂದ ಬಳಗದ್ದು ಕಂಡ್ವು. ಒಣಗಿ ಸೆಟದು ಹೋಗೋದಕ್ಕಿಂತ ತನ್ನವರ ಜೋಡಿ ಇರ್ಲಿ ಅಂದೆ."

೫

ಮೊದಲನೆಯ ಮುಕ್ತಾಯ. ಕಾಶವ್ವ ಮಾಪ್ ಎತ್ತಿಕೊಂಡು ಮುಂದಿನ ಸಾಲಿಗೆ ಹೋಗುತ್ತಾಳೆ. ಹುಡುಗಿಗೆ ಕೆಲಸ ಸಿಗುತ್ತದೆ. ಸತ್ತ ಕಪ್ಪೆಗೆ ಏನು ನಷ್ಟ?

"ಕಪ್ಪಿ ಗುಡ್ಡಾ ಹತ್ತಿಲ್ಲರಿ," ಎಂದಳು ಕಾಶವ್ವ. "ನಾ ಎತ್ತಿ ಹಾಕೀನಿ. ನಾಳೆ ಯಾರರೆ ಪುಸ್ತಕ ನಂಬಿ ಆ ಗುಡ್ಡದ ಈಚಿಗೆ ಹುಡುಕ್ಕೋತ ಹೋದ್ರ, ನೀವು ಹೋಗಿ ಹೇಳ್ತೀರೇನ್?"

ಎರಡನೆಯದು. ಕಾಶವ್ವ ಹೇಳುತ್ತಾಳೆ, ಬೃಂದಾ ಅವಳನ್ನು ತಬ್ಬಿಕೊಂಡು ಸತ್ಯ ದೊಡ್ಡದು ಎನ್ನುತ್ತಾಳೆ. ಇದನ್ನು ಬೃಂದಾಳೇ ಹೊಡೆದು ಹಾಕಿದಳು. "ನಾನು ಅಷ್ಟು ಒಳ್ಳೆಯವಳಲ್ಲ ಸರ್. ಇದು ಸೀರಿಯಲ್ ಥರ ಇದೆ."

೬

ನಡೆದದ್ದು ಇಷ್ಟು. ಬುಧವಾರ ಊಟದ ಹೊತ್ತಿನಲ್ಲಿ ಕಾಶವ್ವ ಎಲ್ಲ ಹೇಳಿದಳು. ಬೃಂದಾ ಊಟದ ಡಬ್ಬಿ ಮುಚ್ಚಿದಳು.

"ಆರ್ ಯೂ ಶ್ಯೂರ್, ಆಂಟಿ? ಆರು ವರ್ಷ ಆಯ್ತು."

"ಎಡಗಾಲಿನ ಒಂದು ಬೆರಳು ಅರ್ಧ ಇತ್ತು ಅದಕ್ಕ."

ಇತ್ತು. ಬೃಂದಾಳ ಟಿಪ್ಪಣಿಯಲ್ಲೂ ಹಾಗೇ ಬರೆದಿತ್ತು.

"ಯಾರಿಗೂ ಹೇಳ್ಬೇಡಿ. ಪ್ಲೀಸ್. ನನ್ನ ಹತ್ರ ಬೇರೆ ಏನೂ ಇಲ್ಲ."

ಗುರುವಾರ ಕಾಶವ್ವ ಒಂದು ಹಾಳೆ ತಂದಳು. ತಾನು ಮಾಡಿದ್ದನ್ನೆಲ್ಲ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಕೆಳಗೆ ಸಹಿ ಹಾಕಿದ್ದಳು.

"ಈ ಕಟ್ಟಡದಾಗ ಕನ್ನಡ ಓದಾಕಿ ನೀ ಒಬ್ಬಾಕಿನ. ಇಂಗ್ಲಿಷಿಗೆ ಮಾಡಿ ದೊಡ್ಡ ಸಾಹೇಬರಿಗೆ ಕೊಡು."

"ನಿಮ್ ಕೆಲ್ಸ ಹೋಗುತ್ತೆ."

"ಹೋಗ್ಲಿ ಬಿಡು."

"ನಂಗೆ ಸಿಗೋದೂ ಹೋಗುತ್ತೆ, ಆಂಟಿ."

"ಗೊತ್ತದವಾ. ಅದಕ್ಕ ನಿನ್ನ ಕೈಯಾಗ ಕೊಟ್ಟೀನಿ."

ನಾನು ನಡುವೆ ಬಾಯಿ ಹಾಕಿದೆ: ಮನೆಯಲ್ಲಿ ಇಂಗ್ಲಿಷ್ ಬರುವ ಮೊಮ್ಮಗಳು ಅಂಕಿತಾ ಇದ್ದಾಳಲ್ಲ, ಅವಳಿಂದಲೇ ಬರೆಸಬಹುದಿತ್ತು.

"ಆಕಿ ಬರದ್ರ ಚಾಡಿ ಆಗ್ತದ. ಈಕಿ ಬರದ್ರ ಈಕೀದ ಮಾತು ಆಗ್ತದ," ಎಂದಳು.

(ಫೋನಿಗೆ ತೋರಿಸಿದರೆ ಅದೇ ಅನುವಾದ ಮಾಡುತ್ತದಲ್ಲ ಎನ್ನುತ್ತೀರಿ. ಮಾಡುತ್ತದೆ. ತೋರಿಸುವ ಮನಸ್ಸು ಬೇಕು.)

೭

ಆ ಸಂಜೆ ಬೃಂದಾ ಹಾಳೆಯನ್ನು ಬೋರಲು ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅಂಗಾತ ಮಾಡಿದಳು. ಅಲ್ಲಿಗೆ ನನ್ನ ಬರವಣಿಗೆ ನಿಂತಿತು. ಮಾರನೆಯ ದಿನ ಅವಳು ಕಳಿಸಿದ್ದು ಪೇಪರನ್ನೋ, ಪತ್ರವನ್ನೋ? ನೂರು ಸಲ ಕೇಳಿದೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳು ಏನನ್ನು ಬರೆದಿದ್ದರೂ ಇಂಗ್ಲಿಷಿನಲ್ಲಿ ಬರೆದಿರುತ್ತಾಳೆ. ಅದನ್ನು ಓದುವಷ್ಟು ಶಾಲೆ ನಾನು ಕಲಿತಿಲ್ಲ. ಊಹಿಸಿ ಬರೆದರೆ, ಚೀಟಿ ಇಲ್ಲದ ಕಪ್ಪೆಯನ್ನು ಕಣ್ಣಿಗೆ ಬಿದ್ದ ಸೀಸೆಗೆ ಬಿಟ್ಟ ಹಾಗೆ.

ಕಾಶವ್ವ ಮಾತ್ರ, ಯಾರೂ ಕರೆಸಿ ಕೇಳುವ ಮೊದಲೇ, ಬಾಗಿಲು ತೆರೆಯುವ ಕಾರ್ಡನ್ನು ಗೇಟಿನಲ್ಲಿ ಒಪ್ಪಿಸಿ ಹೋದಳು. ಮಾರ್ಚ್ ಏಳು, ಶುಕ್ರವಾರ.