ಗುಲಾಬಿಯ ಡಬ್ಬಿ

ಮತ್ತೆ ಕಬ್ಬಿಣ, ಬಾಯಿ ತುಂಬ ಕಬ್ಬಿಣ, ತುಕ್ಕು ಹಿಡಿದ ಬೀಗ ನೆಕ್ಕಿದ ಹಾಗೆ, ಥೂ, ಕುಡಿವ ನೀರೂ ಅದೇ, ಉಗುಳೂ ಅದೇ, ಮೇಲೆ ನೇತಾಡುವ ಚೀಲದಿಂದ ತೊಟ್ಟಿಕ್ಕುವುದೂ ಅದೇ ಇರಬೇಕು — ನೋಡಲು ತಿಳಿನೀರು, ಒಳಗೆ ವಿಷ, ಗಡ್ಡೆ ಕುಗ್ಗಲಿ ಅಂತ ವಿಷ, ಕುಗ್ಗಿದರೆ ಕತ್ತರಿ, ಕುಗ್ಗದಿದ್ದರೆ ಕತ್ತರಿಯೂ ಇಲ್ಲ, ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು, ನೋಡೀಮ್ಮಾ, ಗರ್ಭಕೋಶದ ಬಾಯಲ್ಲಿರೋದು ಸುತ್ತಲೂ ಹರಡ್ಕೊಂಡಿದೆ, ಈಗ ಕೈ ಹಾಕಿದ್ರೆ ಪೂರ್ತಿ ತೆಗೆಯೋಕಾಗಲ್ಲ, ಕೀಮೋ ಕೊಟ್ಟು ಚಿಕ್ಕದು ಮಾಡೋಣ, ಆಮೇಲೆ ಆಪರೇಷನ್. ಆ ಆಮೇಲೆ ಇದೆಯೋ ಇಲ್ಲವೋ ಇವತ್ತು ಬಂದು ನೋಡಿ ಹೇಳುತ್ತಾರೆ. ನನಗೆ ಅವರಿಗಿಂತ ಮೊದಲೇ ಗೊತ್ತಾಗಬೇಕಿತ್ತು, ನಾನು ಮೂಗಮ್ಮ, ಹೋಟೆಲಿನ ಹಿಂಬದಿಯ ಲಾಂಡ್ರಿಯಲ್ಲಿ ಎಲ್ಲರೂ ಕರೆಯುವುದೇ ಹಾಗೆ, ಇಸ್ತ್ರಿಯಾದ ಹಾಸಿಗೆ ಬಟ್ಟೆಯ ಮಡಿಕೆಯನ್ನು ಮೂಗಿಗೆ ಹಿಡಿದು ನಾನು ಹೂಂ ಅನ್ನದೆ ಒಂದೂ ಮೇಲಿನ ಕೋಣೆಗಳಿಗೆ ಹೋಗುತ್ತಿರಲಿಲ್ಲ, ಸ್ವಲ್ಪ ಮುಗ್ಗಲು ಬಂದರೂ ವಾಪಸ್ ಎಸೆಯುತ್ತಿದ್ದೆ, ಅಯ್ಯೋ ಮೂಗಮ್ಮಾ ಕಣ್ಣಿಗೆ ಬೆಳ್ಳಗಿದ್ಯಲ್ಲಾ ಅಂತ ಇಸ್ತ್ರಿಯವನು ಗೋಗರೆದರೂ ಅಷ್ಟೇ. ಹಾಗೇ ಇದನ್ನೂ ಮೊದಲು ಹಿಡಿದದ್ದು ಮೂಗೇ, ಇದು ಮುಟ್ಟಿನ ವಾಸನೆಯಲ್ಲ, ಕೊಳೆತದ್ದು, ನನ್ನೊಳಗೆ ಏನೋ ಕೊಳೆಯುತ್ತಿದೆ ಅಂದರೆ ಮನೆ ಹತ್ತಿರದ ಕ್ಲಿನಿಕ್ಕಿನವರು ನಕ್ಕರು, ಬಿಳಿ ಹೋಗೋದು ಎಲ್ಲಾ ಹೆಂಗಸ್ರಿಗೂ ಇದ್ದಿದ್ದೇ. ಇದ್ದಿದ್ದೇ ಅಂತೆ. ಅವರ ಮೂಗಿಗೆ ಬೆಂಕಿ ಹಾಕ.

ಆಮೇಲೆ ಆ ಡಬ್ಬಿ, ನಾದಿನಿ ತನ್ನ ಅಣ್ಣನಿಗೆ ತಂದುಕೊಟ್ಟದ್ದು, ಮೇಲೆ ಒಂದು ಕೆಂಪು ಗುಲಾಬಿ, ಎಸಳಿನ ಮೇಲೆ ಅಚ್ಚು ಹಾಕಿದ ಒಂದು ಹನಿ ನೀರು, ಒತ್ತಿದರೆ ಪುಸ್ಸ್ — ಯಾರಾದರೂ ಬಾಗಿಲು ತಟ್ಟಿದರೆ ಇವರು ಪುಸ್ಸ್, ಆಟೋದಲ್ಲಿ ಕೂತರೆ ಪುಸ್ಸ್, ನನ್ನ ಚಾದರದ ಮೇಲೆ ಪುಸ್ಸ್, ಛೀ, ಹೊಲಸೇ ರೇಷ್ಮೆ ಸೀರೆ ಉಟ್ಟು ಬಂದ ಹಾಗೆ, ಗುಲಾಬಿಯ ಸಂದಿಯಿಂದ ಕೊಳೆತ ಮಾಂಸ ಇಣುಕುತ್ತಿತ್ತು, ಬರೀ ಕೊಳೆತಿದ್ದರೆ ತಡೆಯುತ್ತಿದ್ದೆ, ಆ ಎರಡೂ ಕೂಡಿದ್ದನ್ನು ತಡೆಯಲಾರದೆ ಬಕೆಟ್ಟಿಗೆ ಬಗ್ಗಿ ಹಳದಿ ಪಿತ್ತ ಕಾರಿದ್ದೇನೆ. ವಾಸನೆ ಇಲ್ಲ ಕಣೇ, ಒಂಚೂರೂ ಇಲ್ಲ, ಅನ್ನುತ್ತಾರೆ, ಅಂದವರು ದಿಂಬು ಎತ್ತಿಕೊಂಡು ನಡುಮನೆಗೆ ಹೋಗುತ್ತಾರೆ, ಇಲ್ಲಿ ಸೆಕೆ ಅಂತೆ. ನಿನ್ನೆ ರೇಗಿಯೇ ಬಿಟ್ಟೆ, ಯಾರ ಮೂಗಿಗೆ ತುಪ್ಪ ಸವರ್ತೀರ್ರೀ, ಇನ್ಮೇಲೆ ಅದನ್ನ ಮುಟ್ಟಬೇಡಿ, ವಾಸನೆ ಕಮ್ಮಿ ಆದ್ರೆ ತಾನೇ ಗಡ್ಡೆ ಕರಗ್ತಿದೆ ಅಂತ ನಂಗೆ ಗೊತ್ತಾಗೋದು, ನೀವು ಅದರ ಮೇಲೆ ಗುಲಾಬಿ ಸುರಿದ್ರೆ ನಾನು ಏನನ್ನ ಮೂಸಿ ನೋಡ್ಲಿ? ಅವರು ನೆಲ ನೋಡುತ್ತಾ, ಆಯ್ತು ತಾಯಿ, ಮುಟ್ಟಲ್ಲ, ಅಂದರು. ನನ್ನ ಬೋಳುತಲೆ ಸವರಲು ಕೈ ಎತ್ತಿದವರು ಹಾಗೇ ಕೈ ಇಳಿಸಿದರು.

ಚೀಲದ ಕಂಬ ತಳ್ಳಿಕೊಂಡು ವಾರ್ಡಿನ ಬಚ್ಚಲಿಗೆ ಬಂದಿದ್ದೇನೆ, ಬಾಗಿಲವರೆಗೂ ಅವರೇ ಬಿಟ್ಟು ಹೋದರು, ಚಿಲಕ ಹಾಕ್ಬೇಡ ಕಣೇ, ತಲೆ ಸುತ್ತೀತು — ಯಾರದೋ ಕೂದಲು ನೀರಿನ ತೂತಿಗೆ ಸುತ್ತಿಕೊಂಡಿದೆ, ಥೂ, ಕೂದಲಿದ್ದವಳು ಪುಣ್ಯವಂತೆ. ಪ್ಯಾಡ್ ತೆಗೆದೆ. ಬಣ್ಣ ಅದೇ, ಮಾಂಸ ತೊಳೆದ ನೀರಿನ ಬಣ್ಣ, ಆದರೆ ಬಣ್ಣವನ್ನು ನಾನು ಯಾವತ್ತು ನಂಬಿದ್ದೆ, ಮೂಗಿಗೆ ಹಿಡಿದೆ — ಇಲ್ಲ. ಇನ್ನೊಮ್ಮೆ, ಕಣ್ಣು ಮುಚ್ಚಿ, ದೀರ್ಘವಾಗಿ — ಇಲ್ಲ, ಇಲ್ಲವೇ ಇಲ್ಲ, ಹೋಗಿದೆ, ಕರಗಿದೆ, ಅಯ್ಯೋ ಮೂಗಮ್ಮಾ, ಹೇಸಿಗೆಯ ಮುದ್ದೆಯನ್ನು ಮುಖಕ್ಕೆ ಹಿಡಿದು ನಗುತ್ತಿದ್ದೀಯಲ್ಲೇ, ಇನ್ನು ಮುತ್ತಿಡುವುದೊಂದು ಬಾಕಿ. ಇವರಿಗೆ ಹೇಳಬೇಕು, ಈಗಲೇ, ಕಂಬದ ಚಕ್ರ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆ, ಹಾಳಾದ್ದು, ಎಳೆದೆ, ಬಂತು, ರೀ — ಪಕ್ಕದ ಹಾಸಿಗೆಯ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಾಳೆ, ಸಾಕು ಮಾಡಪ್ಪಾ, ತಲೆ ಸಿಡೀತಿದೆ, ಗುಲಾಬಿ ತೋಟಾನೇ ತಂದು ಸುರಿದ್ಯಲ್ಲಾ. ಇವರ ಕೈಯಲ್ಲಿ ಡಬ್ಬಿ. ಡಾಕ್ಟರಮ್ಮ ಬರ್ತಾರಲ್ಲಾ ಅಂತ ಒಂಚೂರು ಹೊಡ್ದೆ ಕಣೇ, ಬಯ್ಬೇಡ.

ಹನಿಗಳು ಇನ್ನೂ ಗಾಳಿಯಲ್ಲಿ ಇಳಿಯುತ್ತಿವೆ, ಚಾದರದ ಮೇಲೆ ಒದ್ದೆ ಚುಕ್ಕೆಗಳು, ಬಗ್ಗಿ ಚಾದರದ ಮಡಿಕೆ ಎತ್ತಿ ಮೂಗಿಗೆ ಹಿಡಿದೆ, ಲಾಂಡ್ರಿಯಲ್ಲಿ ಹಿಡಿಯುತ್ತಿದ್ದ ಹಾಗೇ, ಎಳೆದೆ — ಏನೂ ಇಲ್ಲ. ಡಬ್ಬಿ ಕಿತ್ತುಕೊಂಡು ಅಂಗೈಗೆ ಒತ್ತಿದೆ, ಪುಸ್ಸ್, ತಣ್ಣಗಿದೆ, ಒದ್ದೆಯಿದೆ, ಮೂಗಿಗೆ ಒತ್ತಿ ಹಿಡಿದೆ, ಏನೂ ಇಲ್ಲ, ಬಾಯಲ್ಲಿ ಕಬ್ಬಿಣ, ಬರೀ ಕಬ್ಬಿಣ, ನನ್ನ ಮೂಗು ಯಾವಾಗ ಹೋಯಿತು, ಯಾವ ಚೀಲ ತಿಂದಿತು ಇದನ್ನು — ಏನಾಯ್ತೇ, ಯಾಕೆ ಹಂಗೆ ನೋಡ್ತೀಯ — ಪರದೆ ಸರಿಯುತ್ತದೆ, ಡಾಕ್ಟರಮ್ಮ ಕೈಗವಸು ಎಳೆದುಕೊಳ್ಳುತ್ತಿದ್ದಾರೆ, ಹೇಗಿದೀರಮ್ಮಾ, ವಾಸನೆ ಏನಾದ್ರೂ ಕಮ್ಮಿ ಆಗಿದ್ಯಾ? ಕೈಯಲ್ಲಿ ಡಬ್ಬಿ, ಡಬ್ಬಿಯ ಮೇಲೆ ಕೆಂಪು ಗುಲಾಬಿ, ಎಸಳಿನ ಮೇಲೆ ಒಂದು ಹನಿ ನೀರು, ಗುಲಾಬಿ, ಒಂದು ಹನಿ, ಗುಲಾಬಿ