ಚಿಕ್ಕಮ್ಮ ಕಿತ್ತಿಟ್ಟ ಕೇಬಲ್

ನಮ್ಮ ಚಿಕ್ಕಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣದು. ಬ್ರೈಲ್ ಪುಸ್ತಕಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಕರಡು ತಿದ್ದುತ್ತಾಳೆ. ಅಲ್ಲೇ ಹಿಂದಿನ ಕೋಣೆಯಲ್ಲಿ ನಾನು ಅಚ್ಚಿನ ಯಂತ್ರ ನಡೆಸುತ್ತೇನೆ.

ಹೋದ ವರ್ಷ ಕರಡು ತಿದ್ದುವ ಆರೂ ಕಂಪ್ಯೂಟರ್‌ಗಳಿಗೆ ಹೊಸ ಸಾಫ್ಟ್‌ವೇರ್ ಬಂತು. ಪರದೆಯ ಮೇಲಿನದನ್ನು, ಗಣಿತದ ಚಿಹ್ನೆಗಳನ್ನೂ ಸೇರಿಸಿ, ಗಟ್ಟಿಯಾಗಿ ಓದಿ ಹೇಳುವಂಥದ್ದು. ಆದರೆ ಚಿಕ್ಕಮ್ಮ ಒಂದು ಅಕ್ಷರ ಒತ್ತಿ ಮುಂದಿನದಕ್ಕೆ ಹೋದ ಮೇಲೆ ಅದು ಹಿಂದಿನದನ್ನು ಹೇಳುತ್ತಿತ್ತು. ಉಳಿದವರು ಒತ್ತಿ, ಕಾದು, ಒತ್ತಿ, ಕಾದು ಒಗ್ಗಿಹೋದರು. ಚಿಕ್ಕಮ್ಮನಿಗೆ ಮೈಯೆಲ್ಲ ಉರಿ.

“ಇದು ಈ ಪೆಟ್ಟಿಗೆಯೊಳಗಿಂದ ಮಾತಾಡ್ತಿಲ್ಲ ನೋಡು,” ಎಂದಳು ನನಗೆ. “ಎಲ್ಲೋ ದೂರ ನಿಂತು ಕೂಗ್ತಿದೆ.”

ಕಂಪ್ಯೂಟರ್ ರಿಪೇರಿಯವನನ್ನು ಕೇಳಿದರೆ ಅವಳ ಊಹೆ ನಿಜವೇ ಆಗಿತ್ತು. ಸಾಫ್ಟ್‌ವೇರ್ ಇದ್ದದ್ದು ಮೇಲಿನ ಮಹಡಿಯ ಸರ್ವರ್‌ನಲ್ಲಿ. ಆರೂ ಕಂಪ್ಯೂಟರ್‌ಗಳು ನೆಟ್‌ವರ್ಕ್ ಮೂಲಕ ಅದನ್ನೇ ನಡೆಸುತ್ತಿದ್ದವು.

“ಹಾಗಾದ್ರೆ ಅದನ್ನ ನನ್ನ ಕಂಪ್ಯೂಟರ್ ಡಿಸ್ಕಿಗೇ ಹಾಕ್ಕೊಡಿ.”

“ಅದು ನೆಟ್‌ವರ್ಕ್‌ಗೆ ಅಂತಲೇ ಮಾಡಿದ್ದು ಅಕ್ಕ. ಇಲ್ಲಿ ಓಡಲ್ಲ.”

“ಓಡಿಸಿ ನೋಡಿದ್ದೀರಾ?”

ಅವನು ತಲೆ ಕೆರೆದುಕೊಂಡ. “ಇಲ್ಲ. ಬೇಕಾದ್ರೆ ನೀವೇ ನೋಡಿ. ಆದ್ರೆ ಮೂಲಕ್ಕೆ ಕೈ ಹಚ್ಚಬೇಡಿ, ನಕಲು ಮಾಡ್ಕೊಳ್ಳಿ.”

ಮಧ್ಯಾಹ್ನ ನಾವೆಲ್ಲ ಊಟಕ್ಕೆ ಎದ್ದರೆ ಚಿಕ್ಕಮ್ಮ ಕುಳಿತೇ ಇರುತ್ತಿದ್ದಳು. ಮೊದಲ ದಿನ ಸಾಫ್ಟ್‌ವೇರ್‌ನ ಇಡೀ ಫೋಲ್ಡರನ್ನು ತನ್ನ ಡಿಸ್ಕಿಗೆ ನಕಲಿಸಿಕೊಂಡಳು. ಆಮೇಲೆ ಮೇಜಿನ ಕೆಳಗೆ ಬಗ್ಗಿ, ತಡವಿ, ನೆಟ್‌ವರ್ಕ್ ಕೇಬಲನ್ನೇ ಕಿತ್ತಿಟ್ಟಳು.

“ಅಯ್ಯೋ, ಅದ್ಯಾಕೆ ಕಿತ್ತೆ?” ಎಂದೆ, ಊಟ ಮುಗಿಸಿ ಬಂದವನು.

“ಈಗ ಇದು ಯಾವುದು ಸಿಗ್ತಿಲ್ಲ ಅಂತ ಅಳುತ್ತೋ, ಅದಿನ್ನೂ ಮೇಲಿನ ಮಹಡೀಲಿದೆ ಅಂತ ಅರ್ಥ.”

ಸಾಫ್ಟ್‌ವೇರ್ ಮೊದಲು ನಿಘಂಟು ಸಿಗುತ್ತಿಲ್ಲ ಎಂದಿತು. ಚಿಕ್ಕಮ್ಮ ತನ್ನ ಕಂಪ್ಯೂಟರ್‌ನಲ್ಲಿ ಮೊದಲಿಂದ ಇದ್ದ, ಗಣಿತ ಓದಲು ಬಾರದ ಹಳೆಯ ಪ್ರೋಗ್ರಾಂನ ಒರಟು ದನಿಯಲ್ಲಿ ಸೆಟ್ಟಿಂಗ್ ಫೈಲನ್ನು ಸಾಲುಸಾಲಾಗಿ ಓದಿಸಿಕೊಂಡು, ಸರ್ವರ್‌ನ ವಿಳಾಸ ಬಂದಲ್ಲೆಲ್ಲ ತನ್ನ ಡಿಸ್ಕಿನ ವಿಳಾಸ ಬರೆದಳು. ಮರುದಿನ ಚಿಹ್ನೆಗಳ ಪಟ್ಟಿ ಇಲ್ಲ ಎಂದಿತು, ಅದರ ಮರುದಿನ ಧ್ವನಿಯ ಫೈಲು ಇಲ್ಲ ಎಂದಿತು; ಅವನ್ನೂ ಹಾಗೆಯೇ ಸರಿಪಡಿಸಿದಳು. ನಾಲ್ಕನೆಯ ದಿನ ಅವಳು ಕೀಲಿ ಒತ್ತಿದಳು, ಬೆರಳು ಏಳುವ ಮೊದಲೇ ಅಕ್ಷರ ಕೇಳಿಸಿತು. ಚಿಕ್ಕಮ್ಮ ಮೇಜು ಗುದ್ದಿ ನಕ್ಕಳು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಮನೆಯಲ್ಲೂ ಕೇಳಿರಲಿಲ್ಲ.

ಎರಡು ವಾರ ಕಳೆಯುವುದರೊಳಗೆ ಸರ್ವರ್ ಕೆಟ್ಟಿತು. ನಾಲ್ಕನೇ ತರಗತಿಯ ಗಣಿತ ಪುಸ್ತಕ ಸೋಮವಾರ ಶಾಲೆಗಳಿಗೆ ಹೊರಡಬೇಕಿತ್ತು. ಐದು ಕಂಪ್ಯೂಟರ್ ಮೂಕವಾದವು. ಚಿಕ್ಕಮ್ಮನದು ಮಾತಾಡುತ್ತಲೇ ಇತ್ತು. ಪೆನ್‌ಡ್ರೈವ್‌ನಲ್ಲಿ ಕರಡು ತಂದುಕೊಟ್ಟೆವು. ಎರಡು ದಿನದಲ್ಲಿ ನೂರನಲವತ್ತು ಪುಟ ಮುಗಿಸಿದಳು. ಅರವತ್ತೊಂದನೇ ಪುಟದಲ್ಲಿ ಕಳೆಯುವ ಚಿಹ್ನೆಯೇ ಬಿಟ್ಟುಹೋಗಿದ್ದನ್ನೂ ಹಿಡಿದಳು.

ರಿಪೇರಿಯವನು ಬಂದು ಅವಳ ಪಕ್ಕ ಕುರ್ಚಿ ಎಳೆದುಕೊಂಡ. “ನಂಗೆ ಹೊಳೀಲೇ ಇಲ್ಲ ಅಕ್ಕ. ಉಳಿದ ಐದಕ್ಕೂ ಹೀಗೇ ಮಾಡೋಣ, ಹೇಳ್ಕೊಡಿ.”

ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ.

“ಹೊಸ ಆವೃತ್ತಿ ಬಂದಾಗೆಲ್ಲ ಮತ್ತೆ ನಕಲು ಮಾಡ್ಬೇಕು, ಇಲ್ದಿದ್ರೆ ನಮ್ಮದು ಹಳೇದಾಗುತ್ತೆ. ಅದನ್ನೂ ಬರ್ಕೊಳ್ಳಿ.”

“ಸ್ವಲ್ಪ ನಿಧಾನ ಅಕ್ಕ, ಕೈ ಓಡ್ತಿಲ್ಲ.”

ಕೊನೆಗೆ ಅವನು ಆ ಹಾಳೆಯನ್ನು ಗೋಡೆಗೆ ಅಂಟಿಸಲು ಎದ್ದ. ಚಿಕ್ಕಮ್ಮ ಕೈ ಚಾಚಿದಳು.

“ಮೊದ್ಲು ಬ್ರೈಲ್‌ನಲ್ಲಿ ಒಂದು ಪ್ರತಿ ತೆಗೆಸಿ. ತಿದ್ದದೆ ಏನನ್ನೂ ಅಂಟಿಸೋ ಹಾಗಿಲ್ಲ.”

ನಾನೇ ಅಚ್ಚು ಹಾಕಿ ಕೊಟ್ಟೆ. ಎರಡು ತಪ್ಪು ಸಿಕ್ಕವು.